ಹನ್ನೊಂದಕ್ಕೆ ನುಂಗಿ ಹನ್ನೊಂದೂ ಐದಕ್ಕೆ ನಿದ್ದೆ ಬರ್ಬೇಕಾ?

ಪ್ರಶ್ನೆ: ನನಗೆ 61 ವರ್ಷ, ನಿವೃತ್ತ. ಮಗ ಅಮೆರಿಕದಿಂದ 10 ಮಿಲಿಗ್ರಾಂ ಮೆಲಟೋನಿನ್ ಡಬ್ಬಿ ತಂದುಕೊಟ್ಟಿದ್ದಾನೆ. ರಾತ್ರಿ 11ಕ್ಕೆ ಒಂದು ತಗೊಳ್ತೇನೆ, ನಿದ್ದೆ ಬರದಿದ್ದರೆ ಇನ್ನೊಂದು. ಬೆಳಿಗ್ಗೆ ತಲೆ ಭಾರ. ಬಿಪಿ, ಶುಗರ್ ಮಾತ್ರೆಯೂ ಇದೆ. ಡೋಸ್ ಜಾಸ್ತಿ ಮಾಡ್ಲಾ ಡಾಕ್ಟ್ರೇ? (ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಬೇಡ ಯಜಮಾನ್ರೇ, ಕಡಿಮೆ ಮಾಡಿ. ಈ ತಿಂಗಳು ಇದೇ ಡಬ್ಬಿಯ ಪ್ರಶ್ನೆ ನನಗೆ ಬಂದದ್ದು ನಾಲ್ಕನೇ ಸಲ. ಮಕ್ಕಳು ಚಾಕ್ಲೇಟ್ ಜೊತೆ ಇದನ್ನೂ ಸೂಟ್‌ಕೇಸಿಗೆ ತುಂಬಿಕೊಂಡು ಬರ್ತಾರೆ. ಯಾವಾಗ, ಎಷ್ಟು ಅಂತ ಮಾತ್ರ ಹೇಳಲ್ಲ.

ಮೆಲಟೋನಿನ್ ಅಂದರೆ ಅಮಲು ಬರಿಸಿ ಕೆಡವುವ ಮಾತ್ರೆ ಅಲ್ಲ. ‘ಕತ್ತಲಾಯ್ತು’ ಅಂತ ಮೈಗೆ ಡಂಗುರ ಸಾರುವ ಹಾರ್ಮೋನು. ಹತ್ತು ಸಲ ಸಾರಿದರೆ ಬೇಗ ಕತ್ತಲಾಗುತ್ತದಾ? 0.3 ಮಿಲಿಗ್ರಾಂ ಕೊಟ್ಟರೇ ರಕ್ತದಲ್ಲಿ ರಾತ್ರಿಯ ಸಹಜ ಮಟ್ಟ ಬರುತ್ತದೆ. ನೀವು ನುಂಗ್ತಿರೋದು 10, ಕೆಲವು ರಾತ್ರಿ 20. ಬೆಳಿಗ್ಗೆ ತಲೆ ಭಾರ ಆಗದೆ ಇನ್ನೇನಾಗುತ್ತದೆ?

ಅದೂ ಡಬ್ಬಿ ಮೇಲೆ ಬರೆದದ್ದು ನಿಜವಾದರೆ. ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದರು. ಒಂದರಲ್ಲಿ ಬರೆದದ್ದಕ್ಕಿಂತ ಶೇ 83 ಕಡಿಮೆ, ಇನ್ನೊಂದರಲ್ಲಿ ಶೇ 478 ಜಾಸ್ತಿ. 8ರಲ್ಲಿ ಡಬ್ಬಿ ಮೇಲೆ ಬರೆಯದ ಸಿರೊಟೋನಿನ್ ಅನ್ನೋ ಮಿದುಳಿನ ರಾಸಾಯನಿಕ ಬೇರೆ.

ಹಾಗಾಗಿ ಮೊದಲು ಆ ಡಬ್ಬಿಯನ್ನೂ ನಿಮ್ಮ ಎಲ್ಲ ಮಾತ್ರೆಗಳನ್ನೂ ತಗೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಕೆಲವು ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್, ಖಿನ್ನತೆಗೆ ಕೊಡುವ ಫ್ಲುವೊಕ್ಸಮಿನ್ ಜೊತೆ ಇದು ಹೊಂದಲ್ಲ. ಅವರು ಸರಿ ಅಂದರೆ ಅರ್ಧ ಮಿಲಿಗ್ರಾಂನಿಂದ 2 ಮಿಲಿಗ್ರಾಂ ಸಾಕು. ಮಲಗುವ ಒಂದೆರಡು ಗಂಟೆ ಮೊದಲು, ದಿನಾ ಅದೇ ಹೊತ್ತಿಗೆ. ಶುಗರ್ ಇರುವವರು ಊಟದ ಜೊತೆಗೇ ನುಂಗಬಾರದು, ಸಕ್ಕರೆ ಏರಬಹುದು. ಏಳೂವರೆಗೆ ಊಟ, ಒಂಬತ್ತೂವರೆಗೆ ಮಾತ್ರೆ, ಹಾಲ್‌ನ ಟ್ಯೂಬ್‌ಲೈಟ್ ಆಫ್. ಒಂಬತ್ತು ಗಂಟೆಗೆ ಮಂಡಕ್ಕಿ ಮಿರ್ಚಿ ತಿಂದು, ಮೇಲೆ ಖಡಕ್ ಚಹಾ ಕುಡಿದು, ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ನನಗೆ ಬರೀಬೇಡಿ.

ಆಸೆಯನ್ನೂ ಸ್ವಲ್ಪ ಕಡಿಮೆ ಮಾಡಿ. 19 ಪ್ರಯೋಗಗಳನ್ನು ಒಟ್ಟು ಸೇರಿಸಿ 2013ರಲ್ಲಿ ಲೆಕ್ಕ ಹಾಕಿದಾಗ ನಿದ್ದೆ ಬಂದದ್ದು ಸರಾಸರಿ 7 ನಿಮಿಷ ಬೇಗ. ಏಳೇ ನಿಮಿಷ! ಮೂರು ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ಬಿಟ್ಟುಬಿಡಿ. ಗೊರಕೆ ನಡುವೆ ಉಸಿರು ನಿಲ್ಲುತ್ತೆ ಅಂತ ಮನೆಯವರು ಹೇಳಿದ್ದಾರಾ? ಹಾಗಿದ್ದರೆ ಕಾಯಿಲೆಯೇ ಬೇರೆ, ಸುಮ್ನೆ ಮಾತ್ರೆ ನುಂಗುತ್ತಾ ಕೂರಬೇಡಿ.

ಇನ್ನೊಂದು ಮಾತು. ಹೋದ ವಾರ ಹರಿಹರದ ಕಡೆಯ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕವರನ್ನು ನನ್ನ ಮೇಜಿನ ಮೇಲೆ ಸುರಿದರು. ಮೂರು ಸ್ಟ್ರಿಪ್, ಪೇಪರಲ್ಲಿ ಕಟ್ಟಿದ ಕಂದು ಪುಡಿ. “ನಿದ್ದೆಗೆ ಅಂತ ಪಂಡಿತ್ರು ಕೊಟ್ಟಿದ್ದು, ಬರೀ ಬೇರು ಕಣಪ್ಪಾ.” ಹೆಸರಿಲ್ಲ, ತಾರೀಕಿಲ್ಲ. ಬರೀ ಬೇರು ತಿಂದು ಯಾರೂ ಮಧ್ಯಾಹ್ನ ಮೂರರ ತನಕ ತೂಕಡಿಸಲ್ಲ. ಅದರಲ್ಲಿ ಯಾವ ಇಂಗ್ಲಿಷ್ ಮಾತ್ರೆ ಅರೆದು ಸೇರಿಸಿದ್ದಾರೆ ಅಂತ ನಾನೇ ಊಹಿಸಬೇಕು. ಬೇರಿನ ಹೆಸರಲ್ಲಿ ವಯಸ್ಸಾದವರನ್ನು ಹೀಗೆ ಕೆಡಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಮೆಲಟೋನಿನ್ ಗಮ್ಮಿ (ಜೆಲ್ಲಿ ಮಿಠಾಯಿ ಥರದ್ದು) ಕೊಡಬಹುದಾ?

ಉತ್ತರ: ಮಕ್ಕಳ ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಮೊದಲು ಕೈಯಲ್ಲಿರೋ ಮೊಬೈಲ್ ತಗೊಳ್ಳಿ. ಡಬ್ಬಿ ಅಟ್ಟದ ಮೇಲಿರಲಿ, ಮಗು ಪೆಪ್ಪರ್‌ಮಿಂಟ್ ಅಂತ ತಿಂದೀತು.

ಪ್ರಶ್ನೆ: ಎರಡು ಪೆಗ್ ಆದ ಮೇಲೆ ತಗೋಬಹುದಾ?

ಉತ್ತರ: ಇಲ್ಲ.

ಪ್ರಶ್ನೆ: ತ್ರೀಫೇಸ್ ಕರೆಂಟ್ ಬರೋದೇ ರಾತ್ರಿ ಎರಡಕ್ಕೆ. ಎದ್ದು ಮೋಟಾರ್ ಹಾಕಿ ಬಂದರೆ ಮತ್ತೆ ನಿದ್ದೆ ಇಲ್ಲ. ಈ ಮಾತ್ರೆ ಆಗುತ್ತಾ? (ಹಿರಿಯೂರು ತಾಲ್ಲೂಕು)

ಉತ್ತರ: ನಿಮ್ಮ ಕಾಯಿಲೆಗೆ ಔಷಧಿ ಇರೋದು ಕರೆಂಟ್ ಕೊಡುವವರ ಹತ್ತಿರ, ನನ್ನ ಹತ್ತಿರ ಅಲ್ಲ. ಎರಡಕ್ಕೆ ಏಳಬೇಕಾದ ರಾತ್ರಿ ಇದನ್ನು ನುಂಗಲೇಬೇಡಿ. ತೂಕಡಿಸುತ್ತಾ ಒದ್ದೆ ಕೈಯಲ್ಲಿ ಸ್ಟಾರ್ಟರ್ ಮುಟ್ಟೋದು ನನಗೆ ಬೇಕಿಲ್ಲ.