ಗೌಜಲ ಮರಿಯ ಕಾಲ ಕೆಳಗೆ ಏನು ಹಾಸಬೇಕು?

ಪ್ರಶ್ನೆ: ಅಕ್ಕಾ, ನಮ್ಮದು ಮಲೇಬೆನ್ನೂರು ಹತ್ತಿರದ ಹಳ್ಳಿ. ಮೊದಲ ಸಲ ನೂರು ಗೌಜಲಕ್ಕಿ ಮರಿ ತಂದಿದ್ದೇನೆ. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ನ್ಯೂಸ್ ಪೇಪರ್ ಹಾಸಿ, ಬಲ್ಬ್ ಇಳಿಬಿಟ್ಟಿದ್ದೇನೆ. ಮೂರನೇ ದಿನಕ್ಕೆ ನಾಲ್ಕು ಮರಿ ಎರಡೂ ಕಾಲು ಅತ್ತಿತ್ತ ಚಾಚಿಕೊಂಡು ಬಿದ್ದಿವೆ, ಏಳುತ್ತಿಲ್ಲ. ಇಲ್ಲಿನ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಪಕ್ಕದ ಮನೆಯವರು ಸಾಮಿಲ್ ಪುಡಿ ಹಾಕು ಅಂತಾರೆ. ನಮ್ಮವ್ವ ಮರಳು ಹಾಕು ಅಂತಾಳೆ. ಯಾರ ಮಾತು ಕೇಳಲಿ?
— ಓದುಗರೊಬ್ಬರು, ಹರಿಹರ ತಾಲ್ಲೂಕು

ಉತ್ತರ: ಪತ್ರಿಕೆ ಅಚ್ಚಾಗಿ ನಿಮ್ಮ ಕೈಗೆ ಬರುವ ಹೊತ್ತಿಗೆ ನಿಮ್ಮ ಮರಿಗಳು ದೊಡ್ಡವಾಗಿರುತ್ತವೆ ತಮ್ಮಾ. ಅದಕ್ಕೇ ಬಿದ್ದ ಮರಿಗಳಿಗೆ ಏನು ಮಾಡಬೇಕು ಅಂತ ಫೋನಿನಲ್ಲಿ ಆಗಲೇ ಹೇಳಿದೆ. ಇಲ್ಲಿ ಬರೆಯುತ್ತಿರುವುದು ನಿಮ್ಮ ಮುಂದಿನ ಬ್ಯಾಚಿಗೆ. ಇದೇ ತಾಪತ್ರಯದಲ್ಲಿರುವ ಬೇರೆಯವರೂ ಓದಿಕೊಳ್ಳಲಿ.

ತಪ್ಪು ಪೇಪರಿನದು. ಮೊಟ್ಟೆಯಿಂದ ಹೊರಬಂದ ಗೌಜಲ ಮರಿ ತೂಗುವುದು 7–8 ಗ್ರಾಂ. ಕಾಲು ಇನ್ನೂ ಎಳಸು, ಕೀಲು ಬಿಗಿಯಾಗಿರುವುದಿಲ್ಲ. ನುಣುಪಾದ ಪೇಪರಿನ ಮೇಲೆ, ಅದರಲ್ಲೂ ಹಿಕ್ಕೆ ಬಿದ್ದು ಒದ್ದೆಯಾದ ಮೇಲೆ, ಹೆಜ್ಜೆ ಇಟ್ಟಾಗಲೆಲ್ಲ ಕಾಲು ಜಾರುತ್ತದೆ. ಎರಡು ದಿನ ಹಾಗೆ ಜಾರಿದರೆ ಕಾಲು ಅಗಲಿಸಿಕೊಂಡೇ ಉಳಿದುಬಿಡುತ್ತದೆ. ಕಾವಿನ ಪೆಟ್ಟಿಗೆಯಲ್ಲಿ ಬಿಸಿ ಹೆಚ್ಚುಕಮ್ಮಿಯಾದರೂ, ತಾಯಿ ಹಕ್ಕಿಗೆ ಸರಿಯಾದ ಮೇವು ಸಿಗದಿದ್ದರೂ ಹೀಗಾಗುವುದುಂಟು. ಆದರೆ ಪೇಪರ್ ಹಾಸಿದ ಕಡೆ ನಾನು ಮೊದಲು ಅನುಮಾನ ಪಡುವುದು ಪೇಪರನ್ನೇ.

ಬಿದ್ದ ಮರಿಗೆ ಮದ್ದಿಲ್ಲ, ಕಟ್ಟು ಇದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಪೇಪರ್ ಟೇಪನ್ನು ಕತ್ತರಿಯಲ್ಲಿ ತೀರಾ ಸಣ್ಣ ಪಟ್ಟಿಯಾಗಿ ಸೀಳಿ. ಒಂದು ಕಾಲಿಗೆ ಸಡಿಲವಾಗಿ ಸುತ್ತಿ, ಅದೇ ಪಟ್ಟಿಯನ್ನು ಇನ್ನೊಂದು ಕಾಲಿಗೆ ಒಯ್ಯಿರಿ. ಮರಿ ಸರಿಯಾಗಿ ನಿಂತರೆ ಕಾಲುಗಳ ನಡುವೆ ಎಷ್ಟು ಜಾಗ ಇರುತ್ತದೋ ಅಷ್ಟೇ ಬಿಡಿ. ನಡುವಿನ ಪಟ್ಟಿಯ ಅಂಟು ಹಾಸಿಗೆ ಹಿಡಿಯದಂತೆ ಮೇಲೊಂದು ತುಂಡು ಟೇಪ್ ಮುಚ್ಚಿ. ಎರಡು ಮೂರು ದಿನ ಬಿಟ್ಟು ಬಿಚ್ಚಿ ನೋಡಿ. ಬಿದ್ದ ಮರಿ ತಾನಾಗಿ ನೀರಿನ ಹತ್ತಿರ ಹೋಗಲಾರದು. ಕೊಕ್ಕಿನ ತುದಿ ನೀರಿಗೆ ಮುಟ್ಟಿಸಿ ನೀವೇ ಕುಡಿಸಬೇಕು. ಮೊದಲ ಎರಡು ಮೂರು ದಿನದಲ್ಲಿ ಕಟ್ಟಿದರೆ ಎಷ್ಟೋ ಮರಿ ಎದ್ದು ಓಡಾಡುತ್ತವೆ. ವಾರ ಕಳೆದ ಮೇಲೆ ಕಟ್ಟಿ ಪ್ರಯೋಜನ ಕಮ್ಮಿ.

ಇನ್ನು ಹಾಸು. ನನಗೆ ಬರುವ ಪತ್ರಗಳಲ್ಲಿ ಜಾಸ್ತಿ ಜನ ಕೇಳುವುದು "ಮೆತ್ತಗಿರುವುದು ಯಾವುದು" ಅಂತ. ಮೊದಲ ವಾರ ಮೆತ್ತಗೆ ಇರುವುದು ಮುಖ್ಯವೇ ಅಲ್ಲ. ಕಾಲಿಗೆ ಹಿಡಿತ ಸಿಗಬೇಕು, ಬಾಯಿಗೆ ಸಿಗಬಾರದು. ಇಷ್ಟು ನೋಡಿಕೊಂಡರೆ ಅರ್ಧ ಗೆದ್ದಂತೆ.

ಬಾಯಿಯ ಮಾತು ಯಾಕೆ ಹೇಳಿದೆ ಅಂದರೆ, ಈ ಮರಿಗೆ ಮೊದಲ ದಿನಗಳಲ್ಲಿ ಮೇವು ಯಾವುದು, ಕಸ ಯಾವುದು ಅನ್ನುವ ಗುರುತೇ ಇರುವುದಿಲ್ಲ. ಕಣ್ಣಿಗೆ ಬಿದ್ದ ಸಣ್ಣದ್ದನ್ನೆಲ್ಲ ಕುಕ್ಕುತ್ತದೆ. ನಿಮ್ಮ ಸ್ಟಾರ್ಟರ್ ಮೇವನ್ನು ಒಂದು ಚಿಟಿಕೆ ಅಂಗೈಯಲ್ಲಿ ಹಾಕಿಕೊಂಡು, ಪಕ್ಕದಲ್ಲಿ ಒಂದು ಚಿಟಿಕೆ ಸಾಮಿಲ್ ಪುಡಿ ಇಟ್ಟು ನೋಡಿ. ಬಣ್ಣ ಒಂದೇ, ಗಾತ್ರ ಒಂದೇ. ನಮಗೇ ಗೊಂದಲ, ಮರಿಗೆ ಹೇಗೆ ತಿಳಿಯಬೇಕು? ಪುಡಿ ತಿಂದು ಹೊಟ್ಟೆ ತುಂಬಿಸಿಕೊಂಡ ಮರಿ ಮೇವಿಗೆ ಬರುವುದಿಲ್ಲ. ಒಳಗೆ ಅದು ಗಟ್ಟಿಯಾಗಿ ಕಟ್ಟಿಕೊಂಡು ಮರಿ ಸೊರಗಿ ಸಾಯುತ್ತದೆ. ಆದ್ದರಿಂದ ಪಕ್ಕದ ಮನೆಯವರ ಸಲಹೆ ಬೇಡ. ಇನ್ನೊಂದು ವಿಷಯ: ಸಾಮಿಲ್ಲಿನಲ್ಲಿ ಒಳ್ಳೇ ಮರ ಕೊಯ್ದಿರಬಹುದು, ಆದರೆ ಪೀಠೋಪಕರಣ ಮಾಡುವ ಕಡೆಯಿಂದ ಬರುವ ಪುಡಿಯಲ್ಲಿ ಪ್ಲೈವುಡ್ಡಿನ ಅಂಟು, ಪಾಲಿಶ್, ಗೆದ್ದಲಿನ ಔಷಧಿ ಎಲ್ಲ ಸೇರಿರುತ್ತದೆ. ಅದನ್ನು ದೊಡ್ಡ ಹಕ್ಕಿಗೂ ಹಾಕಬೇಡಿ. ಬಡಗಿ ಹಲಗೆ ನುಣುಪು ಮಾಡುವಾಗ ಸುರುಳಿ ಸುರುಳಿಯಾಗಿ ಬೀಳುವ ದಪ್ಪ ಹೊಟ್ಟು, ಬರೀ ಮರದ್ದೇ ಆಗಿದ್ದರೆ, ವಾರ ಕಳೆದ ಮರಿಗಳಿಗೆ ಚೆನ್ನಾಗಿಯೇ ಆಗುತ್ತದೆ.

ಅವ್ವನ ಮರಳಿನದ್ದೂ ಅದೇ ಕಥೆ. ಕುಕ್ಕಿ ತಿನ್ನುತ್ತವೆ. ಚಳಿಗಾಲದ ರಾತ್ರಿ ಕರೆಂಟ್ ಹೋದರೆ ಮರಳು ತಣ್ಣಗಾಗಿ ಮರಿಯ ಹೊಟ್ಟೆಗೆ ಶೀತ ಹತ್ತುತ್ತದೆ. ಈಗ ನದಿ ಮರಳು ಎಲ್ಲಿ ಸಿಗುತ್ತದೆ ಹೇಳಿ, ಸಿಗುವುದು ಎಂ-ಸ್ಯಾಂಡ್. ಅದರ ದೂಳು, ಚೂಪು ಎರಡೂ ಕೆಟ್ಟದ್ದು. ಅವ್ವನಿಗೆ ನನ್ನ ಹೆಸರು ಹೇಳಿಬಿಡಿ, ನಿಮ್ಮನ್ನು ಬೈಯುವುದು ಬೇಡ.

ಹಾಗಾದರೆ ಮೊದಲ ವಾರ ಏನು? ನಾನು ಹಾಸುವುದು ಕೋರಾ ಬಟ್ಟೆ. ದಾವಣಗೆರೆ ಕಾಟನ್ ಮಿಲ್ಲುಗಳ ಊರಾಗಿತ್ತಲ್ವಾ, ನಮ್ಮ ಕಡೆ ಹಳೇ ಮನೆಗಳ ಪೆಟ್ಟಿಗೆಯಲ್ಲಿ ಈಗಲೂ ಒಂದಿಷ್ಟು ಸಿಗುತ್ತದೆ. ಇಲ್ಲದಿದ್ದರೆ ಹಳೇ ಹತ್ತಿ ಬೆಡ್‌ಶೀಟ್ ಸಾಕು. ಟರ್ಕಿ ಟವೆಲ್ ಮಾತ್ರ ಬೇಡ, ಅದರ ಕುಣಿಕೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಅಂಚಿನ ದಾರ ಬಿಚ್ಚಿಕೊಂಡ ಗೋಣಿಚೀಲವೂ ಬೇಡ, ದಾರ ಕಾಲಿಗೆ ಸುತ್ತಿ ರಕ್ತ ನಿಲ್ಲುತ್ತದೆ. ಬಟ್ಟೆ ಇಲ್ಲವೇ? ರಟ್ಟಿನ ಪೆಟ್ಟಿಗೆಯ ಒಂದು ಮೈಯನ್ನು ನೀರಿನಲ್ಲಿ ನೆನೆಸಿ ಸುಲಿದರೆ ಒಳಗಿನ ಏಣು ಏಣು ಪದರ ಕಾಣುತ್ತದೆ. ಅದನ್ನು ಚೆನ್ನಾಗಿ ಒಣಗಿಸಿ ಏಣು ಮೇಲೆ ಬರುವಂತೆ ಹಾಸಿ. ಕಾಲು ಜಾರುವ ಮಾತೇ ಇಲ್ಲ. ಒದ್ದೆಯಾದಾಗ ಎತ್ತಿ ಬಿಸಾಡಬಹುದು, ಖರ್ಚೂ ಇಲ್ಲ.

ನಿಮ್ಮ ಮಿಲ್ಲಿನ ಹೊಟ್ಟು ಬಹಳ ಒಳ್ಳೇದು. ಆದರೆ ಮೊದಲ ದಿನಗಳಲ್ಲಿ ಅದು ಬಟ್ಟೆಯ ಕೆಳಗಿರಲಿ. ಎರಡು ಇಂಚು ಹೊಟ್ಟು ಹರವಿ, ಮೇಲೆ ಬಟ್ಟೆ ಹಾಸಿ, ಬಟ್ಟೆಯ ಮೇಲೆ ಮೇವು ಉದುರಿಸಿ. ನಾಲ್ಕೈದು ದಿನಕ್ಕೆ ಮರಿಗಳು ತಟ್ಟೆಯ ಮೇವನ್ನು ಗುರುತು ಹಿಡಿದು ಓಡಿಬರುತ್ತವೆ. ಆಗ ಬಟ್ಟೆಯ ಒಂದು ಮೂಲೆ ಮಡಚಿ, ಮರುದಿನ ಇನ್ನಷ್ಟು ಮಡಚಿ. ವಾರದ ಕೊನೆಗೆ ಪೂರ್ತಿ ತೆಗೆಯಿರಿ.

ಹೊಟ್ಟು ತರುವಾಗ ರಾಶಿಯ ಮೇಲಿನದ್ದು ನೋಡಿ ಬರಬೇಡಿ. ಕೈ ಒಳಗೆ ತೂರಿಸಿ ಬುಡದಿಂದ ಒಂದು ಹಿಡಿ ತೆಗೆದು ಮೂಸಿ ನೋಡಿ. ಮುಗ್ಗಲು ವಾಸನೆ ಇದ್ದರೆ, ಬೂದು ಅಥವಾ ಹಸಿರು ಪುಡಿ ಹತ್ತಿದ್ದರೆ, ಬಿಟ್ಟಿ ಕೊಟ್ಟರೂ ಬೇಡ. ಆ ಬೂಷ್ಟಿನ ದೂಳು ಮರಿಯ ಶ್ವಾಸಕೋಶಕ್ಕೆ ಹೋದರೆ ಬಾಯಿ ತೆರೆದು ಏದುಸಿರು ಬಿಡುತ್ತವೆ. ಗೊರಗೊರ ಸದ್ದು ಇರುವುದಿಲ್ಲ, ಅದರಿಂದಲೇ ಶೀತಕ್ಕೂ ಇದಕ್ಕೂ ವ್ಯತ್ಯಾಸ ತಿಳಿಯುತ್ತದೆ. ಬಂದ ಮೇಲೆ ನೆಚ್ಚಿಕೊಳ್ಳುವಂಥ ಔಷಧಿ ಇಲ್ಲ. ಸತ್ತ ಮರಿಯನ್ನು ಪಶು ಆಸ್ಪತ್ರೆಗೆ ಒಯ್ದರೆ ಕೊಯ್ದು ನೋಡಿ ಹೇಳುತ್ತಾರೆ. ಒಳ್ಳೇ ಹೊಟ್ಟನ್ನೂ ಜರಡಿ ಹಿಡಿದು ದೂಳು ತೆಗೆದು, ಒಂದು ದಿನ ಬಿಸಿಲಿಗೆ ಹಾಕಿ ಬಳಸಿ.

ಹಾಸಿದ ಮೇಲೆ ದಿನಾ ಬೆಳಿಗ್ಗೆ ಒಂದು ಹಿಡಿ ಹಿಂಡಿ ನೋಡಿ. ಉಂಡೆ ಕಟ್ಟಿದರೆ ಒದ್ದೆ ಜಾಸ್ತಿ, ಆ ಜಾಗದ್ದು ತೆಗೆದು ಹೊಸದು ಹಾಕಿ. ಒದ್ದೆ ಆಗುವುದು ಯಾವಾಗಲೂ ನೀರಿನ ತಟ್ಟೆಯ ಸುತ್ತ. ತಟ್ಟೆಯನ್ನು ಒಂದು ಚಪ್ಪಡಿ ಕಲ್ಲಿನ ಮೇಲಿಡಿ. ನೀರಿನೊಳಗೆ ಗೋಲಿ ತುಂಬಿಸಿ, ಇಲ್ಲದಿದ್ದರೆ ಈ ಗಾತ್ರದ ಮರಿ ಅರ್ಧ ಇಂಚು ನೀರಿನಲ್ಲೇ ಮುಳುಗಿ ಸಾಯುತ್ತದೆ.

ಬಲ್ಬಿನ ಬಗ್ಗೆ ಒಂದು ಮಾತು. ಮೊದಲ ವಾರ ಮರಿಗಳಿರುವ ಮಟ್ಟದಲ್ಲಿ 35–37 ಡಿಗ್ರಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಬಲ್ಬನ್ನು ಅದರ ವೈರಿನಿಂದಲೇ ನೇತುಹಾಕಬೇಡಿ, ಬೇರೆ ತಂತಿಯಿಂದ ಬಿಗಿಯಿರಿ. ಒಣ ಹೊಟ್ಟಿನ ಮೇಲೆ ಬಿಸಿ ಬಲ್ಬ್ ಬಿದ್ದರೆ ಉರಿ ಕಾಣುವುದಿಲ್ಲ, ಒಳಗೊಳಗೇ ಹೊಗೆಯಾಡುತ್ತದೆ. ನೀವು ನೋಡುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ.

ಪ್ರಶ್ನೆ: ಚಳ್ಳಕೆರೆಯಲ್ಲಿ ನಮಗೆ ಭತ್ತದ ಹೊಟ್ಟು ಸುಲಭವಾಗಿ ಸಿಗುವುದಿಲ್ಲ, ಶೇಂಗಾ ಸಿಪ್ಪೆ ಎಷ್ಟು ಬೇಕಾದರೂ ಸಿಗುತ್ತದೆ. ಗೌಜಲ ಮರಿಗೆ ನಡೆಯುತ್ತದೆಯೇ ಮೇಡಂ?

ಉತ್ತರ: ಎಣ್ಣೆ ಮಿಲ್ಲುಗಳ ಊರಲ್ಲಿ ಸಿಪ್ಪೆಗೆ ಬರವೇ? ಆದರೆ ಮರಿಗಳಿಗೆ ಬೇಡ. ಇಡೀ ಸಿಪ್ಪೆಯ ಒಳಗೆ ಹಿಕ್ಕೆ, ನೀರು ನಿಂತು ಬೂಷ್ಟು ಹಿಡಿಯುತ್ತದೆ. ಶೇಂಗಾಕ್ಕೆ ಬರುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಹಕ್ಕಿಯ ಲಿವರ್ ಕೆಡಿಸುತ್ತದೆ. ಸಿಪ್ಪೆಯ ಜೊತೆ ಅಲ್ಲಲ್ಲಿ ಕಾಳಿನ ಚೂರೂ ಬಂದಿರುತ್ತದೆ. ಅದನ್ನು ಹುಡುಕಿಕೊಂಡು ಇಲಿ ಬರುತ್ತದೆ, ಇಲಿಗೆ ಗೌಜಲ ಮರಿ ಒಂದು ತುತ್ತು. ಮೂರು ವಾರ ದಾಟಿದ ಹಕ್ಕಿಗಳಿಗೆ, ಈ ವರ್ಷದ ಒಣ ಸಿಪ್ಪೆಯನ್ನು ಚೆನ್ನಾಗಿ ಪುಡಿ ಮಾಡಿಸಿ, ಜರಡಿ ಹಿಡಿದು ಹಾಕಬಹುದು. ಮರಿಗಳಿಗೆ ಮೇಲೆ ಹೇಳಿದ ರಟ್ಟೇ ಸಾಕು. ಪಂಜರದಲ್ಲಿ ಸಾಕುವವರಾದರೆ ಎರಡು ವಾರಕ್ಕೆ ಹೇಗೂ ಅವನ್ನು ಪಂಜರಕ್ಕೆ ಹತ್ತಿಸುತ್ತೀರಿ.

ಪ್ರಶ್ನೆ: ಬಳಸಿ ತೆಗೆದ ಹೊಟ್ಟನ್ನು ಅಡಿಕೆ ಗಿಡಕ್ಕೆ ನೇರವಾಗಿ ಹಾಕಬಹುದಾ? — ಚನ್ನಗಿರಿಯ ಓದುಗರು

ಉತ್ತರ: ಹಸಿಯಾಗಿ ಹಾಕಬೇಡಿ, ಹಕ್ಕಿ ಗೊಬ್ಬರದ ಖಾರಕ್ಕೆ ಬೇರು ಸುಡುತ್ತದೆ. ಸಗಣಿ ಬಗ್ಗಡ ಚಿಮುಕಿಸಿ, ತಿರುವಿ ಹಾಕುತ್ತಾ ಕೆಲವು ತಿಂಗಳು ಕೊಳೆಸಿ. ಭತ್ತದ ಹೊಟ್ಟು ಕೊಳೆಯುವುದು ನಿಧಾನ, ಅವಸರ ಮಾಡಬೇಡಿ. ಹಾಕುವಾಗ ಬುಡಕ್ಕೆ ತಾಗಿಸದೆ ಸ್ವಲ್ಪ ದೂರದಲ್ಲಿ ಸುತ್ತ ಹರವಿ ಮಣ್ಣು ಮುಚ್ಚಿ.