ಹೋಮ್‌ವರ್ಕ್ ಹೇಳಿಕೊಡಲು ಬಾರದ ತಾಯಿ ಮಗನ ಓದಿಗೆ ಏನು ಮಾಡಬಹುದು?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿಯವರೆಗೆ ಓದಿದವಳು. ಯಜಮಾನರು ಲಾರಿ ಡ್ರೈವರ್, ತಿಂಗಳಲ್ಲಿ ಹೆಚ್ಚು ದಿನ ಊರಲ್ಲಿರುವುದಿಲ್ಲ. ಮಗ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಯಲ್ಲಿ ಮೂರನೇ ತರಗತಿ ಓದುತ್ತಿದ್ದಾನೆ. ದಿನಾ ಸಂಜೆ ಹೋಮ್‌ವರ್ಕ್ ಹೊತ್ತಿಗೆ ಜಗಳ. ಅಂಗಡಿಗೆ ಕಳಿಸಿದರೆ ಚಿಲ್ಲರೆಯನ್ನು ಸರಿಯಾಗಿ ಎಣಿಸಿ ತರುವ ಹುಡುಗ, ಪುಸ್ತಕದಲ್ಲಿ ಮಾತ್ರ 52ರಲ್ಲಿ 38 ಕಳೆದರೆ 26 ಎಂದು ಬರೆಯುತ್ತಾನೆ. ಪಾಠ ಕೇಳಲು ಹೋದರೆ ‘ನಿನಗೆ ಬರಲ್ಲಮ್ಮ, ಬಿಡು’ ಎನ್ನುತ್ತಾನೆ. ಸಿಟ್ಟಿನಲ್ಲಿ ಒಂದೆರಡು ಸಲ ಹೊಡೆದೂ ಇದ್ದೇನೆ. ಟ್ಯೂಷನ್‌ಗೆ ಹಾಕಬೇಕೇ, ಸರ್ಕಾರಿ ಶಾಲೆಗೆ ಸೇರಿಸಬೇಕೇ? ನನ್ನಂಥವಳಿಂದ ಅವನ ಓದಿಗೆ ಏನಾದರೂ ಆಗುತ್ತದೆಯೇ?
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾತು ಆ ಲೆಕ್ಕದ್ದು. ಮಗ ‘ಗಣಿತದಲ್ಲಿ ದಡ್ಡ’ ಎಂದು ಬರೆಯದೆ, ಯಾವ ಲೆಕ್ಕಕ್ಕೆ ಯಾವ ಉತ್ತರ ಬರೆದ ಎಂಬುದನ್ನು ನೀವು ಗಮನಿಸಿ ತಿಳಿಸಿದ್ದೀರಿ. ಮಗುವನ್ನು ಇಷ್ಟು ಹತ್ತಿರದಿಂದ ನೋಡುವುದು ನಲವತ್ತು ಮಕ್ಕಳ ತರಗತಿಯಲ್ಲಿ ಶಿಕ್ಷಕರಿಗೂ ಕಷ್ಟವಾದ್ದರಿಂದ, ‘ನನ್ನಂಥವಳು’ ಎಂಬ ಮಾತನ್ನು ಮೊದಲು ಪಕ್ಕಕ್ಕಿಟ್ಟು ಆ ಲೆಕ್ಕವನ್ನೇ ನೋಡೋಣ.

ಅವನು ಬಾಯಿಗೆ ಬಂದ ಉತ್ತರ ಬರೆದಿಲ್ಲ. 2ರಲ್ಲಿ 8 ಹೋಗುವುದಿಲ್ಲವಾದ್ದರಿಂದ 8ರಲ್ಲಿ 2 ಕಳೆದು 6 ಎಂದು ಬರೆದಿದ್ದಾನೆ. 5ರಲ್ಲಿ 3 ಕಳೆದು 2 ಎಂದು ಬರೆದಿದ್ದಾನೆ. ಅಂದರೆ ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂಬ ನಿಯಮವನ್ನು ಪಾಲಿಸಿದ್ದಾನೆ, ಆದರೆ ಆ 5 ಎಂಬುದು ಐದಲ್ಲ, ಐದು ಹತ್ತುಗಳು ಎಂಬುದು ಅವನ ಮನಸ್ಸಿಗೆ ಹತ್ತಿಲ್ಲ. ಈ ವಯಸ್ಸಿನ ಮಕ್ಕಳಲ್ಲಿ ಇದು ತೀರಾ ಸಾಮಾನ್ಯವಾದ ತಪ್ಪು. ಇದನ್ನು ತಿದ್ದಲು ಇಂಗ್ಲಿಷ್ ಬೇಕಾಗಿಲ್ಲ. ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಅವನ ಕೈಗೆ ಕೊಟ್ಟು, ‘ನಾನು ಅಂಗಡಿಯವಳು, ಮೂವತ್ತೆಂಟು ರೂಪಾಯಿ ಕೊಡು, ನನ್ನ ಹತ್ತಿರ ಚಿಲ್ಲರೆ ಇಲ್ಲ’ ಎನ್ನಿ. ಮೂರು ನೋಟು ಕೊಟ್ಟ ಮೇಲೆ ಎಂಟು ಬಿಡಿ ರೂಪಾಯಿ ಕೊಡಲು ಅವನಲ್ಲಿ ಎರಡೇ ಇರುತ್ತವೆ. ಒಂದು ನೋಟನ್ನು ಮುರಿಸಲೇಬೇಕೆಂದು ಅವನಿಗೇ ಹೊಳೆಯುವವರೆಗೆ ಕಾಯಿರಿ, ನೀವಾಗಿ ಹೇಳಬೇಡಿ. ಹೊಳೆದ ಮೇಲೆ ಡಬ್ಬಿಯಿಂದ ಹತ್ತು ನಾಣ್ಯ ಎಣಿಸಿ ಕೊಡಿ. ಉಳಿದ ಹದಿನಾಲ್ಕನ್ನು ಎಣಿಸಿದ ಬಳಿಕ ಅದೇ ಲೆಕ್ಕವನ್ನು ಪುಸ್ತಕದಲ್ಲಿ ಬರೆಯಲು ಹೇಳಿ, ನೋಟು ಮುರಿಸಿದ್ದು ಪುಸ್ತಕದಲ್ಲಿ ಎಲ್ಲಿ ಕಾಣುತ್ತದೆ ಎಂದು ಕೇಳಿ. ಕೆಲವು ದಿನ ಬೇರೆ ಬೇರೆ ಸಂಖ್ಯೆಗಳಲ್ಲಿ ಇದನ್ನು ಮಾಡಿದ ನಂತರ ಇನ್ನೊಂದು ಪ್ರಶ್ನೆಯನ್ನೂ ರೂಢಿ ಮಾಡಿಸಿ: ‘ಐವತ್ತೆರಡರಲ್ಲಿ ನಲವತ್ತು ಹೋದರೇ ಹನ್ನೆರಡು ಉಳಿಯುತ್ತದೆ, ಹಾಗಾದರೆ ಮೂವತ್ತೆಂಟು ಹೋದರೆ ಇಪ್ಪತ್ತಾರು ಹೇಗೆ ಉಳಿದೀತು?’ ಉತ್ತರವನ್ನು ತಾನೇ ಅನುಮಾನಿಸುವ ಈ ಅಭ್ಯಾಸ ಮುಂದೆ ಎಲ್ಲ ವಿಷಯಗಳಲ್ಲೂ ಕೆಲಸಕ್ಕೆ ಬರುತ್ತದೆ.

ಇಂಗ್ಲಿಷ್ ಪಾಠದ ವಿಚಾರಕ್ಕೆ ಬಂದರೆ, ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ತೋರಿಸಿಕೊಳ್ಳುವ ಅಗತ್ಯವಿಲ್ಲ. ‘ನನಗೆ ಬರಲ್ಲ, ನೀನೇ ಕನ್ನಡದಲ್ಲಿ ಹೇಳು’ ಎನ್ನಿ. ಓದಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಬಲ್ಲದಾದರೆ ಅರ್ಥವಾಗಿದೆ ಎಂದು ತಿಳಿಯಬಹುದು. ಗಿಳಿಪಾಠ ಒಪ್ಪಿಸಿ ಕನ್ನಡದಲ್ಲಿ ಹೇಳಲು ತಡವರಿಸಿದರೆ, ಎಲ್ಲಿ ತಡವರಿಸಿದ ಎಂಬುದನ್ನು ಗುರುತು ಹಾಕಿಟ್ಟು ಶಿಕ್ಷಕಿಗೆ ತೋರಿಸಬಹುದು. ಒಂದು ಭಾಷೆಯಲ್ಲಿ ಗಟ್ಟಿಯಾದ ಓದು ಮತ್ತು ಗ್ರಹಿಕೆ ಇನ್ನೊಂದು ಭಾಷೆಯ ಕಲಿಕೆಗೂ ಒದಗುತ್ತದೆ ಎಂಬುದನ್ನು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲೇ ವಿವರವಾಗಿ ಮಂಡಿಸಿದ್ದಾರೆ. ಆದ್ದರಿಂದ ಮಗನೊಂದಿಗೆ ಮುರುಕು ಇಂಗ್ಲಿಷಿನಲ್ಲಿ ಮಾತಾಡಿ ಎಂದು ಯಾರಾದರೂ ಸಲಹೆ ಕೊಟ್ಟರೆ (ಇಂಥ ಸಲಹೆ ಕೊಡುವ ಶಾಲೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ) ಕಿವಿಗೆ ಹಾಕಿಕೊಳ್ಳಬೇಡಿ. ಹೊಲ, ಅಡುಗೆ, ಸಂತೆ, ನೆಂಟರ ಮದುವೆ ಇವೆಲ್ಲದರ ಬಗ್ಗೆ ತುಂಬು ಕನ್ನಡದಲ್ಲಿ, ‘ಯಾಕೆ’, ‘ಆಮೇಲೆ ಏನಾಯಿತು’ ಎಂದು ಕೇಳುತ್ತ ಮಾತಾಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಅಲ್ಲಿಂದ ಕನ್ನಡ ಕಥೆಪುಸ್ತಕ ತಂದು ಅವನಿಗೆ ನೀವು ಓದಿ ಹೇಳಿ. ಏಳನೇ ತರಗತಿಯ ಓದು ಅದಕ್ಕೆ ಬೇಕಾದಷ್ಟಾಯಿತು. ‘ನಿನಗೆ ಬರಲ್ಲ’ ಎನ್ನುವ ಮಗನಿಗೆ ಅಮ್ಮ ಓದುವುದು ಕಣ್ಣಿಗೆ ಕಾಣಬೇಕು.

ಹೊಡೆತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದು ಸರಿಯಲ್ಲವೆಂದು ನಿಮಗೇ ಅನ್ನಿಸಿರುವುದು ಪತ್ರದಲ್ಲಿ ಕಾಣುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಆ ಸೆಕ್ಷನ್ ಮನೆಗೆ ಅನ್ವಯಿಸದಿದ್ದರೂ ಅದರ ಹಿಂದಿನ ಕಾರಣ ಎರಡೂ ಕಡೆ ಒಂದೇ: ಏಟಿಗೆ ಹೆದರಿದ ಮಗು ಲೆಕ್ಕ ಕಲಿಯುವ ಬದಲು ತಪ್ಪನ್ನು ಮುಚ್ಚಿಡಲು ಕಲಿಯುತ್ತದೆ. ಸಿಟ್ಟು ನೆತ್ತಿಗೇರುವ ಲಕ್ಷಣ ಕಂಡರೆ ಪುಸ್ತಕ ಮುಚ್ಚಿಸಿ. ಒಂದು ದಿನದ ಹೋಮ್‌ವರ್ಕ್ ಅರ್ಧಕ್ಕೆ ನಿಂತರೆ ಆಕಾಶ ಕಳಚಿ ಬೀಳುವುದಿಲ್ಲ.

ಅಷ್ಟಕ್ಕೂ ಆ ಹೋಮ್‌ವರ್ಕ್ ಎಷ್ಟಿದೆ ಎಂದೂ ನೋಡಬೇಕು. ಕೇಂದ್ರ ಸರ್ಕಾರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಎರಡನೇ ತರಗತಿಯವರೆಗೆ ಹೋಮ್‌ವರ್ಕ್ ಇರಕೂಡದು. ಮೂರರಿಂದ ಐದನೇ ತರಗತಿಯವರಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆಯಷ್ಟು. ದಿನಕ್ಕಲ್ಲ, ವಾರಕ್ಕೆ. ನಿಮ್ಮ ಮಗ ದಿನಾ ಎರಡು ಗಂಟೆ ಬರೆಯುತ್ತಿದ್ದರೆ ತೊಂದರೆ ನಿಮ್ಮದೂ ಅಲ್ಲ, ಅವನದೂ ಅಲ್ಲ. ಪಾಲಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಕೆಯ ಸಾಮರ್ಥ್ಯ, ಪ್ರಗತಿಯನ್ನು ತಿಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಕರ್ತವ್ಯವಾದ್ದರಿಂದ, ಸಭೆಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಕೂತು ಬರಬೇಡಿ. ‘ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ, ಬಾರದ್ದಕ್ಕೆ ನೀವು ಏನು ಮಾಡುತ್ತಿದ್ದೀರಿ’ ಎಂದು ಕನ್ನಡದಲ್ಲೇ ಕೇಳಿ.

ಟ್ಯೂಷನ್ ಈಗ ಬೇಡ. ಮೂರನೇ ತರಗತಿಯ ಟ್ಯೂಷನ್ ಎಂದರೆ ಬಹುಪಾಲು ಹೋಮ್‌ವರ್ಕ್ ಮುಗಿಸಿ ಕಳಿಸುವ ವ್ಯವಸ್ಥೆ. ದುಡ್ಡೂ ಹೋಗುತ್ತದೆ, ಮಗುವಿನ ಆಟದ ಹೊತ್ತೂ ಹೋಗುತ್ತದೆ. ಶಾಲೆ ಬದಲಾಯಿಸುವ ವಿಷಯ ಅಷ್ಟು ಸುಲಭದ್ದಲ್ಲ. ಐದನೇ ತರಗತಿಯವರೆಗಾದರೂ ಸಾಧ್ಯವಿದ್ದಲ್ಲಿ ಮನೆಮಾತಿನಲ್ಲಿ ಕಲಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ, ನನ್ನ ಅಭಿಪ್ರಾಯವೂ ಅದೇ. ಮಾಧ್ಯಮದ ಆಯ್ಕೆ ಪಾಲಕರದ್ದು ಎಂದು ಕರ್ನಾಟಕದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ನೀಡಿದೆ ಎಂಬುದೂ ನಿಜ. ಆದರೆ ಸಂಜೆಯ ಜಗಳದಿಂದ ಬೇಸತ್ತು ವರ್ಷದ ನಡುವೆ ಮಗುವನ್ನು ಎಬ್ಬಿಸಿ ಇನ್ನೊಂದು ಕಡೆ ಕೂರಿಸಬೇಡಿ. ಈ ವರ್ಷವಿಡೀ ಮೇಲೆ ಹೇಳಿದ್ದನ್ನು ಮಾಡಿ ನೋಡಿ, ಬೇಸಿಗೆ ರಜೆಯಲ್ಲಿ ಯಜಮಾನರೂ ಮಗನೂ ಕೂತಿರುವಾಗ ತೀರ್ಮಾನಿಸಿ. ಅವನು ಕನ್ನಡದಲ್ಲೂ ಸಣ್ಣ ವಾಕ್ಯಗಳನ್ನು ಓದಲಾರ, ಅಕ್ಷರಗಳನ್ನು ಮತ್ತೆ ಮತ್ತೆ ಅದಲುಬದಲು ಮಾಡುತ್ತಾನೆ ಎಂದಾದರೆ ಮಾತ್ರ ಕಾಯಬಾರದು: ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ನಂತರ ಜಿಲ್ಲಾ ಆಸ್ಪತ್ರೆಯ ಮೂಲಕ ಅಥವಾ ನೇರವಾಗಿ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ. ನೀವು ಬರೆದದ್ದನ್ನು ನೋಡಿದರೆ ಅಂಥ ಸೂಚನೆ ಕಾಣುವುದಿಲ್ಲ.

ಯಜಮಾನರಿಗೂ ಒಂದು ಕೆಲಸವಿದೆ. ದೂರದ ಊರಿನಿಂದ ಫೋನ್ ಮಾಡಿದಾಗ ‘ಎಷ್ಟು ಮಾರ್ಕ್ಸ್ ಬಂತು’ ಎಂದು ಕೇಳುವ ಬದಲು, ಆ ದಿನ ದಾಟಿದ ಊರುಗಳ ಹೆಸರು, ಓಡಿದ ಕಿಲೋಮೀಟರು, ತುಂಬಿಸಿದ ಡೀಸೆಲ್ಲು ಇವನ್ನು ಮಗನಿಗೆ ಹೇಳಲಿ, ಲೆಕ್ಕ ಹಾಕಿಸಲಿ. ಲಾರಿಯವರ ಮಗನಿಗೆ ಭೂಗೋಳವೂ ಗಣಿತವೂ ಫೋನಿನಲ್ಲೇ ಸಿಗುತ್ತವೆ.

ಪ್ರಶ್ನೆ: ನಮ್ಮೂರ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಈ ವರ್ಷ ಸದಸ್ಯನಾಗಿದ್ದೇನೆ. ಸಹಿ ಹಾಕುವುದು, ಆಗಸ್ಟ್ ಹದಿನೈದಕ್ಕೆ ಸಿಹಿ ಹಂಚುವುದು ಬಿಟ್ಟರೆ ಬೇರೆ ಕೆಲಸ ಇದ್ದಂತೆ ಕಾಣುವುದಿಲ್ಲ. ಪಾಲಕರಾದ ನಮಗೆ ನಿಜವಾಗಿ ಏನು ಅಧಿಕಾರವಿದೆ?
– ಒಬ್ಬ ಪಾಲಕ, ಹಾವೇರಿ ಜಿಲ್ಲೆ

ಉತ್ತರ: ಕರ್ನಾಟಕದಲ್ಲಿ 2001ರಲ್ಲೇ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ರಚನೆಯಾದವು. ನಂತರ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕೆಲಸಕಾರ್ಯಗಳ ಮೇಲೆ ನಿಗಾ ಇಡುವುದು, ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಸಮಿತಿಯ ಕೆಲಸ. ಆದ್ದರಿಂದ ಸಹಿ ಹಾಕುವ ಮೊದಲು ನಡಾವಳಿಯನ್ನು ಗಟ್ಟಿಯಾಗಿ ಓದಿಸಿ, ಖಾಲಿ ಪುಟಕ್ಕೆ ಸಹಿ ಮಾಡಬೇಡಿ. ಸಭೆಯಲ್ಲಿ ಕಾಂಪೌಂಡು, ಬಣ್ಣ, ಗೇಟಿನ ಮಾತು ಮುಗಿದ ಮೇಲೆ ‘ಮೂರನೇ ತರಗತಿಯ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ’ ಎಂದು ಮುಖ್ಯ ಶಿಕ್ಷಕರನ್ನು ಕೇಳಿ; ಆರೋಪದ ದನಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ, ಸಮಿತಿಯಿಂದ ಏನು ಸಹಾಯ ಬೇಕೆಂದು ಜೊತೆಗೇ ವಿಚಾರಿಸಿ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಗೆ ಹೋಗುವ ತಾಯಂದಿರು ಬರಲಾರರು. ಅವರು ಬರಬಹುದಾದ ಹೊತ್ತಿಗೆ ಸಭೆ ಇಡಬೇಕೆಂಬುದನ್ನೇ ನಿಮ್ಮ ಮೊದಲ ಬೇಡಿಕೆಯಾಗಿ ನಡಾವಳಿಯಲ್ಲಿ ಬರೆಸಿ.