ಎಡಿಟಿಂಗ್ ಇಲ್ಲದೆ ಮೊಬೈಲಿನಲ್ಲಿ ಚಮತ್ಕಾರದ ಫೋಟೊ: ಮೊದಲು ಪಾದ ಮರೆಯಾಗಲಿ

ನಿಮ್ಮ ಪ್ರಶ್ನೆ ಇದು: "ಆಗಸ್ಟ್‌ನಲ್ಲಿ ಮಕ್ಕಳೊಂದಿಗೆ ಕೊಡಗಿಗೆ ಬರುತ್ತಿದ್ದೇವೆ. ಕಾಫಿ ಕಪ್ಪಿನೊಳಗೆ ಹುಡುಗ ಕುಳಿತಂತೆ, ಅಂಗೈಯ ಮೇಲೆ ಆನೆ ನಿಂತಂತೆ ಕಾಣುವ ಚಿತ್ರಗಳನ್ನು ಸಾಧಾರಣ ಮೊಬೈಲಿನಲ್ಲಿ, ಯಾವ ಆಪ್‌ನ ನೆರವೂ ಇಲ್ಲದೆ ತೆಗೆಯಬಹುದೇ? ನಾನು ತೆಗೆದಾಗಲೆಲ್ಲ ಗುಟ್ಟು ರಟ್ಟಾಗುತ್ತದೆ."

ಖಂಡಿತ ತೆಗೆಯಬಹುದು. ನಮ್ಮ ಮನೆ ವಿರಾಜಪೇಟೆ ಕಡೆಯ ಕಾಫಿ ತೋಟದ ನಡುವೆ ಇದೆ. ಮಳೆಗಾಲದಲ್ಲಿ ಅಕ್ಕನ ಮಗ ಮನೆಯಲ್ಲಿದ್ದಾಗ ನಮ್ಮಿಬ್ಬರಿಗೂ ಇದೇ ಕೆಲಸ. ಹಲವು ವರ್ಷ ಹೀಗೆ ತೆಗೆದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಗುಟ್ಟು ರಟ್ಟಾಗುವುದು ಪಾದಗಳಿಂದ.

ಒಂದು ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ಕಣ್ಣು ಅದು ನೆಲವನ್ನು ಎಲ್ಲಿ ಮುಟ್ಟಿದೆ ಎಂಬುದರಿಂದ ಅಳೆಯುತ್ತದೆ. ಹುಡುಗನ ಪಾದ ಕಾಣಿಸಿದರೆ, ಪಾದದಿಂದ ಕ್ಯಾಮೆರಾದವರೆಗಿನ ನೆಲವೂ ಕಾಣಿಸಿದರೆ, "ಓ, ಇವನು ದೂರ ನಿಂತಿದ್ದಾನೆ" ಎಂದು ಮನಸ್ಸು ತಕ್ಷಣ ಲೆಕ್ಕ ಹಾಕಿಬಿಡುತ್ತದೆ. ಪಾದವನ್ನು ಕಪ್ಪಿನ ಅಂಚಿನ ಹಿಂದೆ ಮರೆಮಾಡಿದರೆ ಆ ಲೆಕ್ಕಕ್ಕೆ ಆಧಾರವೇ ಇರುವುದಿಲ್ಲ. ಹಾಗಾಗಿ ಅಂಚಿನ ಮೇಲೆ ನಿಲ್ಲಿಸುವುದಕ್ಕಿಂತ ಕಪ್ಪಿನೊಳಗೆ ಕೂರಿಸುವುದು ಸುಲಭ. ನೆರಳು ಇನ್ನೊಂದು ಚಾಡಿಕೋರ. ಬಿಸಿಲಿನಲ್ಲಿ ಹುಡುಗನ ನೆರಳು ಅವನ ಕಾಲ ಬುಡದ ಮಣ್ಣಿನ ಮೇಲೆ ಬೀಳುತ್ತದೆಯೇ ಹೊರತು ಕಪ್ಪಿನ ಮೇಲಲ್ಲ.

ನಾನು ಮೊದಲು ಪ್ರಯತ್ನಿಸಿದ್ದು ಡಿಸೆಂಬರ್‌ನ ಬಿಸಿಲಿನಲ್ಲಿ. ಚಿತ್ರ ನೋಡಿದ ಅಕ್ಕ, "ಅವನು ಸಿಲ್ವರ್ ಓಕ್ ಮರದ ಹತ್ತಿರ ನಿಂತಿದ್ದಾನಲ್ಲ" ಎಂದಳು. ಹಿಂದಿನ ಮರವೇ ಅವಳಿಗೆ ಅಳತೆಗೋಲಾಗಿತ್ತು. ಮುಂದಿನ ಜುಲೈನಲ್ಲಿ, ಮಳೆ ಸ್ವಲ್ಪ ಹೊಳವಾದಾಗ, ಅದೇ ಅಂಗಳದಲ್ಲಿ ಅದೇ ಕಪ್ಪನ್ನು ಇಟ್ಟೆ. ಮಂಜು ಇಳಿದು ಮರಗಳನ್ನೂ ಬೇಲಿಯನ್ನೂ ನುಂಗಿತ್ತು. ನೆರಳಂತೂ ಇರಲೇ ಇಲ್ಲ. ಬಿಳಿಯ ಹಿನ್ನೆಲೆಯಲ್ಲಿ ಕಾಫಿ ಕಪ್ಪು ಮತ್ತು ಹುಡುಗ, ಇಬ್ಬರೇ ಉಳಿದರು. ಅಕ್ಕ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಆಗಸ್ಟ್‌ನಲ್ಲಿ ಬಂದರೆ ಮಳೆ, ಏನೂ ಕಾಣುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ಏನೂ ಕಾಣದಿರುವುದೇ ನಿಮಗೆ ಬೇಕಾದದ್ದು. ಆದರೆ ಮಂಜು ತೀರಾ ದಟ್ಟವಾಗಿದ್ದರೆ ಹುಡುಗನೂ ಮಸುಕಾಗಿ ದೂರ ಸರಿದಂತೆ ಕಾಣುತ್ತಾನೆ. ಅವನ ಅಂಗಿಯ ಬಣ್ಣ ಸ್ಪಷ್ಟವಾಗಿ ಕಾಣುವಷ್ಟು ತೆಳುವಾಗುವವರೆಗೆ ಕಾಯಿರಿ.

ಅಳತೆಯ ಲೆಕ್ಕ ಸರಳ. ಎಂಟು ಸೆಂಟಿಮೀಟರ್ ಎತ್ತರದ ಕಪ್ಪು ಲೆನ್ಸಿನಿಂದ 60 ಸೆಂಟಿಮೀಟರ್ ದೂರದಲ್ಲಿದೆ ಎನ್ನಿ. 160 ಸೆಂಟಿಮೀಟರ್ ಎತ್ತರದ ವ್ಯಕ್ತಿ 24 ಮೀಟರ್ ದೂರ ನಿಂತರೆ, ಅವನು ಕಪ್ಪಿಗಿಂತ 40 ಪಟ್ಟು ದೂರದಲ್ಲಿರುತ್ತಾನೆ. ಕಪ್ಪಿನ ಪಕ್ಕದಲ್ಲಿ ನಾಲ್ಕು ಸೆಂಟಿಮೀಟರ್ ಇದ್ದಂತೆ, ಅಂದರೆ ಕಪ್ಪಿನ ಅರ್ಧದಷ್ಟು ಕಾಣುತ್ತಾನೆ. ಇನ್ನೂ ದೊಡ್ಡದಾಗಿ ಬೇಕಿದ್ದರೆ ಅವನನ್ನು ಹತ್ತಿರ ಕರೆಯಿರಿ. ಜೂಮ್ ಮಾಡಿ ಪ್ರಯೋಜನವಿಲ್ಲ, ಎರಡೂ ಒಟ್ಟಿಗೆ ಹಿಗ್ಗುತ್ತವೆ.

ಇನ್ನು ಎರಡೂ ಸ್ಪಷ್ಟವಾಗಿರಬೇಕಲ್ಲ. ಮೊಬೈಲಿನ ಲೆನ್ಸ್ ಮತ್ತು ಸೆನ್ಸರ್ ಚಿಕ್ಕವು. ಹಾಗಾಗಿ ದೊಡ್ಡ ಕ್ಯಾಮೆರಾಗಿಂತ ಹೆಚ್ಚು ಆಳದವರೆಗೆ ಚಿತ್ರ ಸ್ಪಷ್ಟವಾಗಿರುತ್ತದೆ. ಈ ಆಟಕ್ಕೆ ಮೊಬೈಲೇ ಮೇಲು ಎಂದು ನಾನು ಹೇಳುವುದು ಅದಕ್ಕೇ. ಪೋರ್ಟ್ರೇಟ್ ಮೋಡ್ ಮಾತ್ರ ಬೇಡ, ಅದು ದೂರದ ಹುಡುಗನನ್ನು ಬೇಕೆಂದೇ ಮಸುಕು ಮಾಡುತ್ತದೆ. ಫೋಕಸ್ ಅನ್ನು ಕಪ್ಪಿನ ಮೇಲಾಗಲಿ ಹುಡುಗನ ಮೇಲಾಗಲಿ ಇಡದೆ, ಕಪ್ಪಿನ ಎರಡರಷ್ಟು ದೂರದಲ್ಲಿ ಇಡಿ. ಕಪ್ಪು 60 ಸೆಂಟಿಮೀಟರ್‌ನಲ್ಲಿದ್ದರೆ ಸುಮಾರು 120 ಸೆಂಟಿಮೀಟರ್‌ನಲ್ಲಿ ಯಾರಾದರೂ ಕೈ ಹಿಡಿಯಲಿ. ಪರದೆಯ ಮೇಲೆ ಆ ಕೈಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಕೈ ತೆಗೆಸಿ. ಆಗಲೂ ಒಂದು ಕಡೆ ಮಸುಕೆನಿಸಿದರೆ ಕಪ್ಪು ಮತ್ತು ಹುಡುಗ ಇಬ್ಬರನ್ನೂ ಅದೇ ಪ್ರಮಾಣದಲ್ಲಿ ದೂರಕ್ಕೆ ಸರಿಸಿ. 0.5 ಎಂದು ತೋರಿಸುವ ಅಗಲದ ಲೆನ್ಸ್ ಇದ್ದರೆ ಅದನ್ನೂ ಪ್ರಯತ್ನಿಸಿ, ಸ್ಪಷ್ಟತೆ ಇನ್ನೂ ಆಳಕ್ಕೆ ಹೋಗುತ್ತದೆ.

ಆನೆಯ ಚಿತ್ರಕ್ಕೆ ದುಬಾರೆಯ ಆನೆ ಶಿಬಿರಕ್ಕೆ ಹೋಗಿ ಜೀವಂತ ಆನೆಯನ್ನು ಕಾಡಬೇಕಿಲ್ಲ. ಮಡಿಕೇರಿ ಕೋಟೆಯೊಳಗೆ ನಿಜವಾದ ಆನೆಯಷ್ಟೇ ದೊಡ್ಡ ಎರಡು ಗಾರೆಯ ಆನೆಗಳಿವೆ. ಅಲುಗಾಡುವುದಿಲ್ಲ, ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತವೆ. ಮಗಳ ಅಂಗೈ ಆನೆಯ ಕಾಲಬುಡವನ್ನು ಮುಚ್ಚುವಂತೆ ಮೊಬೈಲನ್ನು ಸ್ವಲ್ಪ ತಗ್ಗಿಸಿ ಹಿಡಿಯಿರಿ. ಅವಳು ಕ್ಯಾಮೆರಾವನ್ನು ನೋಡದೆ ತನ್ನ ಅಂಗೈಯನ್ನೇ ನೋಡಲಿ, ಭಾರ ಹೊತ್ತಂತೆ ಬೆರಳುಗಳು ಸ್ವಲ್ಪ ಬಾಗಲಿ. ಕೈ ಚಾಚಿ ಸುಮ್ಮನೆ ನಿಂತರೆ ಲೆಕ್ಕವೆಲ್ಲ ಸರಿಯಿದ್ದರೂ ಯಾರೂ ನಂಬುವುದಿಲ್ಲ.

ಇದು ಹಳೆಯ ವಿದ್ಯೆ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿಯಲ್ಲಿ ಇಬ್ಬರು ಹುಡುಗಿಯರು ಕಾಗದದಲ್ಲಿ ಕತ್ತರಿಸಿದ ಯಕ್ಷಿಣಿಯರನ್ನು ಟೋಪಿ ಪಿನ್‌ಗಳಿಂದ ತೋಟದಲ್ಲಿ ನಿಲ್ಲಿಸಿ ಫೋಟೊ ತೆಗೆದರು. ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವರೇ ಅದನ್ನು ನಿಜವೆಂದು ನಂಬಿದರು. ಅವು ಕಾಗದದ ಬೊಂಬೆಗಳೆಂದು ಹುಡುಗಿಯರು ಒಪ್ಪಿಕೊಂಡದ್ದು 1980ರ ದಶಕದಲ್ಲಿ, ಮುದುಕಿಯರಾದ ಮೇಲೆ. 

ಮಳೆ ನಿಂತಾಗ ರಸ್ತೆಯ ಗುಂಡಿಯನ್ನೂ ಬಿಡಬೇಡಿ. ಮೊಬೈಲನ್ನು ತಲೆಕೆಳಗಾಗಿ ಹಿಡಿದು ಲೆನ್ಸನ್ನು ನೀರಿನ ಮಟ್ಟಕ್ಕೆ ತಾಗಿಸುವಷ್ಟು ಹತ್ತಿರ ತನ್ನಿ. ಓರೆಯಾಗಿ ನೋಡಿದಷ್ಟೂ ನೀರು ಹೆಚ್ಚು ಪ್ರತಿಫಲಿಸುತ್ತದೆ. ಊಟದ ತಟ್ಟೆಯಷ್ಟು ನೀರು ಕೆರೆಯಾಗಿಬಿಡುತ್ತದೆ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಕೊಳದಲ್ಲಿ ಇದನ್ನು ಮಾಡುವ ಆಸೆಯಾಗುವುದು ಸಹಜ, ಆದರೆ ಮೆಟ್ಟಿಲುಗಳು ಪಾಚಿಗಟ್ಟಿರುತ್ತವೆ. ಗುಂಡಿಯೇ ಸಾಕು.

ಮಕ್ಕಳಿಗೆ ಅತಿ ಇಷ್ಟವಾಗುವುದು ಪನೋರಮಾದಲ್ಲಿ ಒಬ್ಬನೇ ಇಬ್ಬರಾಗುವುದು. ಮೊಬೈಲ್ ಪಟ್ಟಿ ಪಟ್ಟಿಯಾಗಿ ಚಿತ್ರ ತೆಗೆದು ಹೊಲಿಯುತ್ತದೆ. ಎಡತುದಿಯಲ್ಲಿ ನಿಂತ ಹುಡುಗ, ಲೆನ್ಸ್ ತನ್ನನ್ನು ದಾಟಿದ ಕೂಡಲೇ ನಿಮ್ಮ ಬೆನ್ನ ಹಿಂದಿನಿಂದ ಓಡಿ ಬಲತುದಿಗೆ ಬರಬೇಕು. "ಮಾವ, ಓಡಲೇ?" ಎಂದು ಅವನು ಕೇಳುವ ಮೊದಲೇ ಸನ್ನೆ ಗೊತ್ತುಮಾಡಿಕೊಳ್ಳಿ.

ಇವಕ್ಕೆಲ್ಲ ಒಳ್ಳೆಯ ಜಾಗ ಕಾಫಿ ಒಣಗಿಸುವ ಕಣ: ಸಮತಟ್ಟು, ವಿಶಾಲ, ಆಗಸ್ಟ್‌ನಲ್ಲಿ ಖಾಲಿ. ನೀವು ಉಳಿಯುವ ಮನೆಯವರನ್ನು ಕೇಳಿದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಮಂಡಲ್‌ಪಟ್ಟಿಯಂಥ ಬೆಟ್ಟದ ಮೇಲೆ ಮಂಜು ಇನ್ನೂ ಚೆನ್ನಾಗಿರುತ್ತದೆ, ಆದರೆ ಪರದೆ ನೋಡುತ್ತಾ ಹಿಂದಕ್ಕೆ ಹೆಜ್ಜೆ ಇಡುವ ಈ ಆಟವನ್ನು ಅಲ್ಲಿ ಆಡಬೇಡಿ. ಒಂದು ಹತ್ತಿಬಟ್ಟೆ ಸದಾ ಜೇಬಿನಲ್ಲಿರಲಿ. ಹೊರಗಿನ ಚಳಿಯಿಂದ ಒಲೆಯ ಹತ್ತಿರ ಬಂದ ತಕ್ಷಣ ಲೆನ್ಸ್ ಮೇಲೆ ಹಬೆ ಕೂರುತ್ತದೆ.